ಒಂದೇ ಪೆಟ್ಟಿಗೆಯಲ್ಲಿ ಎರಡು ವೋಲ್ಟೇಜು

ಲಿಫ್ಟನ್ನು ಕರೆಯಲು ನಾವು ಒಂದು ಗುಂಡಿಯನ್ನು ಒತ್ತುತ್ತೇವೆ. ಅದನ್ನು ಎಳೆಯುವ ಮೋಟಾರಿಗೆ ಸಾಮಾನ್ಯವಾಗಿ ದೊರೆಯುವುದು ಮೂರು ಫೇಸುಗಳ ಸುಮಾರು 400 ವೋಲ್ಟು. ನಮ್ಮ ಬೆರಳಿನ ಕೆಳಗೆ, ಅನೇಕ ಲಿಫ್ಟುಗಳಲ್ಲಿ, ಇರುವುದು 24 ವೋಲ್ಟಿನ ನೇರ ಪ್ರವಾಹ. ಇವೆರಡೂ ನಿಯಂತ್ರಣ ಪೆಟ್ಟಿಗೆಯಲ್ಲಿ ಸಂಧಿಸುತ್ತವೆ. ಅಲ್ಲಿರುವ ರಿಲೇಯ ಸುರುಳಿಯನ್ನು ಸಣ್ಣ ವೋಲ್ಟೇಜು ಕಾಂತವಾಗಿಸುತ್ತದೆ. ಕಾಂತವು ಸೆಳೆದ ಲೋಹದ ತುಂಡು ದೊಡ್ಡ ವೋಲ್ಟೇಜಿನ ಮಂಡಲವನ್ನು ಪೂರ್ಣಗೊಳಿಸುತ್ತದೆ. ಎರಡು ಮಂಡಲಗಳನ್ನು ಯಾವ ತಂತಿಯೂ ಕೂಡಿಸುವುದಿಲ್ಲ.

ರಿಲೇಯ ಒಳಗೆ ಇಷ್ಟು ಜಾಗರೂಕತೆಯಿಂದ ಬೇರ್ಪಡಿಸಿದ ತಂತಿಗಳನ್ನು ಹೊರಗೆ ಒಂದೇ ಕೊಳವೆಯಲ್ಲಿ ತುರುಕಿದರೆ ಏನಾದೀತು? 24 ವೋಲ್ಟಿಗೆ ತೆಳುವಾದ ಹೊದಿಕೆ ಸಾಲದೆ ಎಂದು ವಾಚಕರು ಕೇಳಬಹುದು. ತಂತಿ ಒಂಟಿಯಾಗಿದ್ದರೆ ಸಾಕು. ನೆರೆಯಲ್ಲಿ 230 ವೋಲ್ಟಿನ ತಂತಿಯಿದ್ದರೆ ಸಾಲದು. 230 ಎಂಬುದು ಪರಿಣಾಮಕ ಬೆಲೆ ಮಾತ್ರ, ಅದರ ಶಿಖರ 325 ವೋಲ್ಟು. ಕಂಪನದಿಂದ ಉಜ್ಜಿ ಹೊದಿಕೆ ಸವೆಯಿತೆಂದರೆ ಆ ವೋಲ್ಟೇಜು ಗುಂಡಿಯವರೆಗೂ ಬರಬಹುದು. ಆದುದರಿಂದಲೇ ಯಂತ್ರಗಳ ವಿದ್ಯುತ್ ವ್ಯವಸ್ಥೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕ ಐಇಸಿ 60204-1, ಒಂದೇ ನಾಳದಲ್ಲಿ ಸಾಗುವ ಪ್ರತಿಯೊಂದು ತಂತಿಯ ಹೊದಿಕೆಯೂ ಅಲ್ಲಿರುವ ಅತ್ಯಧಿಕ ವೋಲ್ಟೇಜನ್ನು ತಡೆಯುವಂತಿರಬೇಕು, ಇಲ್ಲವೆ ನಡುವೆ ಅಡ್ಡಗೋಡೆಯಿರಬೇಕು ಎಂದು ವಿಧಿಸಿದೆ.

ಹೊದಿಕೆ ಭದ್ರವಾಗಿದ್ದರೂ ಇನ್ನೊಂದು ತೊಡಕುಂಟು. ಭೌತವಿಜ್ಞಾನದ ವಿದ್ಯಾರ್ಥಿಗೆ ಇದೇ ಹೆಚ್ಚು ಸ್ವಾರಸ್ಯವೆಂದು ನಮಗೆ ತೋರುತ್ತದೆ. ಪಕ್ಕಪಕ್ಕದಲ್ಲಿ ಎರಡು ತಂತಿಗಳು, ನಡುವೆ ಅವಾಹಕ: ಇದು ಕಂಡೆನ್ಸರ್ ಅಲ್ಲದೆ ಮತ್ತೇನು? ದೂರದಲ್ಲಿರುವ ನಿಲುಗಡೆ ಗುಂಡಿಯೊಂದಕ್ಕೆ 230 ವೋಲ್ಟನ್ನು ಒಯ್ಯುವ ತಂತಿಯೂ ಅಲ್ಲಿಂದ ರಿಲೇಗೆ ಮರಳುವ ತಂತಿಯೂ ಒಂದೇ ಕೇಬಲಿನಲ್ಲಿವೆ ಎನ್ನೋಣ. ಕೇಬಲು 1 ಕಿಲೋಮೀಟರ್ ಉದ್ದವಿದ್ದು, ತಂತಿಗಳ ನಡುವಣ ಧಾರಕತೆ 0.3 ಮೈಕ್ರೋಫ್ಯಾರಡ್ ಆಗಿದ್ದರೆ, ಸೆಕೆಂಡಿಗೆ 50 ಆವರ್ತನಗಳ ಪ್ರವಾಹಕ್ಕೆ ಅದು ಒಡ್ಡುವ ತಡೆ ಸುಮಾರು 10,600 ಓಂ. ಅದರ ಮೂಲಕ 20 ಮಿಲಿಆಂಪಿಯರಿಗೂ ಮಿಕ್ಕಿದ ಪ್ರವಾಹ ಹರಿಯಬಲ್ಲದು. ಕೆಲವು ಸಣ್ಣ ರಿಲೇಗಳನ್ನು ಹಿಡಿದಿಡಲು ಇದರ ಅರ್ಧವೂ ಬೇಡ. ಗುಂಡಿಯನ್ನು ಒತ್ತಿ ಮಂಡಲವನ್ನು ಕಡಿದರೂ ಯಂತ್ರ ನಿಲ್ಲದು! ನಿಯಂತ್ರಣಕ್ಕೆ ನೇರ ಪ್ರವಾಹವನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ. ಸ್ಥಿರ ವೋಲ್ಟೇಜಿಗೆ ಕಂಡೆನ್ಸರ್ ದಾರಿ ಬಿಡದು.

ಇನ್ನು ದುರಸ್ತಿಯ ಮಾತು. ಪೆಟ್ಟಿಗೆಯ ಮುಖ್ಯ ಸ್ವಿಚ್ಚನ್ನು ಆರಿಸಿದ ಮೇಲೂ ಬೇರೊಂದು ಪೆಟ್ಟಿಗೆಯಿಂದ ಬಂದ ತಂತಿಯಲ್ಲಿ ವಿದ್ಯುತ್ತು ಉಳಿದಿರಬಹುದು. ಮೇಲಿನ ಮಾನಕವು ಪರ್ಯಾಯ ಪ್ರವಾಹದ ನಿಯಂತ್ರಣ ತಂತಿಗೆ ಕೆಂಪು, ನೇರ ಪ್ರವಾಹದ್ದಕ್ಕೆ ನೀಲಿ ಎಂದು ಸೂಚಿಸಿ, ಹೀಗೆ ಹೊರಗಿನಿಂದ ಬಂದವುಗಳಿಗೆ ಕಿತ್ತಳೆ ಬಣ್ಣವನ್ನು ಮೀಸಲಿಟ್ಟಿದೆ. ಬಲ್ಲ ಕೆಲಸಗಾರನು ಕಿತ್ತಳೆಯ ತಂತಿಯನ್ನು ಕಂಡೊಡನೆ ಅದರ ಮೂಲವನ್ನು ಹುಡುಕಿ, ಅಲ್ಲಿಯ ಸ್ವಿಚ್ಚನ್ನೂ ಆರಿಸಿ, ಮೀಟರಿನಿಂದ ಪರೀಕ್ಷಿಸಿದ ಮೇಲೆಯೇ ಕೈಯಿಡುತ್ತಾನೆ.