ಅಮ್ಮನ ಮಲ್ಲಿಗೆ, ನನ್ನ ಲಾವಾ ಕಲ್ಲು

ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ದಿನಗಳವು. ರೀಲ್ಸ್ ನೋಡುವಾಗ ಒಂದು ವಿಡಿಯೊ ಕಣ್ಣಿಗೆ ಬಿತ್ತು. ಯಾರದೋ ಕೈತೋಟದಲ್ಲಿ ಮಣ್ಣೇ ಕಾಣದಂತೆ ಕೆಂಪು ಲಾವಾ ಕಲ್ಲು ಹರಡಿದ್ದರು. ಕೆಸರಿಲ್ಲ, ಕಸವಿಲ್ಲ, ಕಳೆಯಿಲ್ಲ. ವಿಜಯಪುರದ ನಮ್ಮ ಮನೆಯಂಗಳವೂ ಹೀಗೇ ಆಗಬೇಕು ಅಂತ ಆ ಕ್ಷಣವೇ ತೀರ್ಮಾನಿಸಿಬಿಟ್ಟೆ.

ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ಆರು ಚೀಲ ಕಲ್ಲು ತಂದೆ. ಎತ್ತಿದರೆ ಹಗುರ! ಲಾವಾ ತಣ್ಣಗಾಗುವಾಗ ಒಳಗಿನ ಅನಿಲದ ಗುಳ್ಳೆಗಳು ಹಾಗೇ ಉಳಿದು ಕಲ್ಲಿನ ತುಂಬ ತೂತುಗಳಾಗಿರುತ್ತವೆ. ಕೆಂಪು ಬಣ್ಣ ಅದರಲ್ಲಿನ ಕಬ್ಬಿಣದ್ದು. ಗಾಳಿಗೆ ಹಾರದು, ಮಳೆಗೆ ಕೊಳೆಯದು. ಒಮ್ಮೆ ಹಾಕಿದರೆ ವರ್ಷಗಟ್ಟಲೆ ಚಿಂತೆಯಿಲ್ಲ. ಮಲ್ಲಿಗೆ ಬಳ್ಳಿಯ ಬುಡದಲ್ಲಿದ್ದ ತರಗೆಲೆಯನ್ನೆಲ್ಲ ಗುಡಿಸಿ ಎಸೆದು, ಕಾಂಡಕ್ಕೆ ತಾಗುವಂತೆ ಕಲ್ಲು ಸುರಿದೆ. ಫೋಟೊ ಸ್ಟೇಟಸ್‌ಗೆ ಹಾಕಿದೆ. ಹಾರ್ಟ್‌ಗಳ ಸುರಿಮಳೆ!

ಏಪ್ರಿಲ್ ಬಂತು. ನಮ್ಮೂರ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಕಾದ ಕಲ್ಲು ದೀಪ ಹಚ್ಚುವ ಹೊತ್ತಿಗೂ ಬಿಸಿಯಾಗಿರುತ್ತಿತ್ತು. ಮಲ್ಲಿಗೆ ಎಲೆಯ ಅಂಚು ಕರಿದಂತಾಯಿತು, ಮೊಗ್ಗುಗಳು ಉದುರಿದವು. ಅಮ್ಮ ಬೈಯಲಿಲ್ಲ. ‘ಬೇರಿಗೆ ಕೆಂಡ ಹಾಸಿದಂಗ ಆಗೇದ ನೋಡವಾ’ ಎಂದಳು, ಅಷ್ಟೇ. ಆ ಬಳ್ಳಿ ಅಜ್ಜಿ ತನ್ನ ತವರಿನಿಂದ ತಂದು ನೆಟ್ಟದ್ದು. ಅಜ್ಜಿ ಈಗಿಲ್ಲ.

ಹೊಟ್ಟೆಯಲ್ಲಿ ಸಂಕಟವಾಗಿ ಆಮೇಲೆ ಓದಲು ಕೂತೆ. ಸ್ಪೇನ್‌ಗೆ ಸೇರಿದ ಲಾಂಜರೋಟೆ ಎಂಬ ದ್ವೀಪದಲ್ಲಿ 1730ರಿಂದ 1736ರವರೆಗೆ ಜ್ವಾಲಾಮುಖಿ ಉಕ್ಕಿ ಹೊಲಗಳೆಲ್ಲ ಮುಚ್ಚಿಹೋದವಂತೆ. ರೈತರು ಆ ಲಾವಾ ಹರಳಿನಲ್ಲಿ ಗುಂಡಿ ತೋಡಿ, ಕೆಳಗಿನ ಹಳೇ ಮಣ್ಣಿಗೆ ದ್ರಾಕ್ಷಿ ನೆಟ್ಟರು. ಮೇಲಿನ ಹರಳು ತೇವ ಆರದಂತೆ ಕಾಯುತ್ತದೆ. ಬಳ್ಳಿಗೆ ಉಣಿಸುವುದು ಮಾತ್ರ ಮಣ್ಣೇ. ನಾನೋ, ಹೊದಿಕೆ ಹಾಕುವ ಭರದಲ್ಲಿ ಊಟವನ್ನೇ ಕಸಿದಿದ್ದೆ. ತರಗೆಲೆ ಕೊಳೆತು ಗೊಬ್ಬರವಾಗುತ್ತದೆ. ಕಲ್ಲು ಕೊಳೆಯುವುದಿಲ್ಲ. ನಾನು ಮೆಚ್ಚಿದ ಆ ಗುಣವೇ ಮಲ್ಲಿಗೆಗೆ ಮುಳುವಾಗಿತ್ತು.

ನಗು ಬಂದದ್ದು ಇನ್ನೊಂದು ವಿಷಯಕ್ಕೆ. ನಮ್ಮೂರ ನೆಲವೇ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ! ಗೋಳಗುಮ್ಮಟದ ಕಪ್ಪು ಕಲ್ಲು ಅದೇ, ನಮ್ಮ ಎರೆಮಣ್ಣು ಹುಟ್ಟಿದ್ದೂ ಅದು ಸವೆದೇ. ಲಾವಾದ ಮೇಲೆ ಮನೆಯಿಟ್ಟುಕೊಂಡು ಲಾವಾ ಕೊಂಡು ತಂದ ಜಾಣೆ ನಾನು. ಆದರೆ ಕಲ್ಲು ಮಣ್ಣಾಗುವವರೆಗೆ ಮಲ್ಲಿಗೆ ಕಾಯುತ್ತದೆಯೇ?

ಎರಡು ದಿನ ಕೂತು ಬುಡದ ಕಲ್ಲನ್ನೆಲ್ಲ ಆರಿಸಿದೆ. ಚೂಪು ಅಂಚಿಗೆ ಬೆರಳು ಗೀರಿದವು. ಆ ಕಲ್ಲುಗಳು ಈಗ ನಲ್ಲಿಯ ಪಕ್ಕ, ಸೂರಿನ ನೀರು ಬೀಳುವ ಜಾಗದಲ್ಲಿ, ಕಳ್ಳಿ ಗಿಡಗಳ ಸುತ್ತ ಎರಡಿಂಚು ದಪ್ಪಕ್ಕೆ ಹರಡಿಕೊಂಡಿವೆ. ನೀರು ಇಂಗುತ್ತದೆ, ಗೋಡೆಗೆ ಕೆಸರು ಸಿಡಿಯುವುದಿಲ್ಲ. ಅಲ್ಲಿ ಅವು ನಿಜಕ್ಕೂ ಚೆಂದ. ಮಲ್ಲಿಗೆಯ ಬುಡಕ್ಕೆ ಮತ್ತೆ ತರಗೆಲೆ, ಒಂದಿಷ್ಟು ಸಗಣಿ ಗೊಬ್ಬರ.

ಮಳೆಗಾಲ ಶುರುವಾದ ಮೇಲೆ ಬಳ್ಳಿ ಚಿಗುರಿತು. ಮೊನ್ನೆ ಅಮ್ಮ ನಾಲ್ಕೇ ನಾಲ್ಕು ಹೂ ಕಿತ್ತು ಅಜ್ಜಿಯ ಫೋಟೊಕ್ಕೆ ಇಟ್ಟಳು. ಆ ಫೋಟೊ ಮಾತ್ರ ನಾನು ಸ್ಟೇಟಸ್‌ಗೆ ಹಾಕಲಿಲ್ಲ.