ಹಣ್ಣಿನ ರಸದ ಕೈಗಾರಿಕೆಯೂ ನಮ್ಮ ನಾಡೂ

2025ನೆಯ ಇಸವಿಯ ಜೂನ್ ತಿಂಗಳಲ್ಲಿ, ಮಾವಿನ ಸುಗ್ಗಿಯು ಭರದಿಂದ ಸಾಗಿದ್ದಾಗಲೇ, ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಯ ಅಧಿಕಾರಿಗಳು ಕರ್ನಾಟಕದ ತೋತಾಪುರಿ ಮಾವು ತಮ್ಮ ಜಿಲ್ಲೆಯೊಳಕ್ಕೆ ಬರಕೂಡದೆಂದು ಆಜ್ಞೆ ಹೊರಡಿಸಿದರು. ಗಡಿಯಲ್ಲಿ ಗಾಡಿಗಳು ನಿಂತವು. ಶ್ರೀನಿವಾಸಪುರದ ಮಂಡಿಗಳಲ್ಲಿ ಮೊದಲೇ ಇಳಿದಿದ್ದ ಧಾರಣೆ ಮತ್ತಷ್ಟು ಕುಸಿಯಿತು. ನಮ್ಮ ಮುಖ್ಯಮಂತ್ರಿಗಳು ಅಲ್ಲಿನ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕೇಂದ್ರ ಸರಕಾರವು ಎರಡೂವರೆ ಲಕ್ಷ ಟನ್ನುಗಳವರೆಗಿನ ಹಣ್ಣಿಗೆ ಬೆಲೆಯ ವ್ಯತ್ಯಾಸವನ್ನು ರೈತರಿಗೆ ತುಂಬಿಕೊಡಲು ಒಪ್ಪಿತು. ಹೀಗೆ ಆ ವರ್ಷದ ಗಂಡಾಂತರವು ಒಂದು ಬಗೆಯಾಗಿ ಕಳೆಯಿತು. ತಮ್ಮ ಒಕ್ಕಲಿಗರನ್ನು ಕಾಪಾಡಿಕೊಳ್ಳಲು ಹೊರಟ ಚಿತ್ತೂರಿನವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಕೋಲಾರ ಸೀಮೆಯ ತೋಟಗಾರನು ತನ್ನ ಹಣ್ಣನ್ನು ಮಾರಲು ನೆರೆರಾಜ್ಯದ ಅಪ್ಪಣೆಯನ್ನು ಕಾಯಬೇಕಾದ ಸ್ಥಿತಿ ಏತಕ್ಕೆ ಬಂದಿತೆಂಬುದೇ ನಾವು ವಿಚಾರಿಸತಕ್ಕ ವಿಷಯವಾಗಿದೆ.

ತೋತಾಪುರಿಯು ಬಾದಾಮಿ, ರಸಪುರಿಗಳಂತೆ ಕೊಯ್ದು ತಿನ್ನುವ ಹಣ್ಣೆಂದು ಹೆಸರಾದುದಲ್ಲ. ಅದರ ಯೋಗ್ಯತೆ ತಿರುಳಿನಲ್ಲಿದೆ; ನಾರು ಕಡಿಮೆ, ಗಟ್ಟಿ ಹೆಚ್ಚು, ಹುಳಿಯೂ ಹದವಾಗಿದೆ. ಆದುದರಿಂದಲೇ ಅದನ್ನು ಬಹುಮಟ್ಟಿಗೆ ಕೊಳ್ಳತಕ್ಕವರು ತಿರುಳು ತೆಗೆಯುವ ಕಾರ್ಖಾನೆಯವರು. ಆ ಕಾರ್ಖಾನೆಗಳು ದಟ್ಟವಾಗಿರುವುದು ಚಿತ್ತೂರಿನಲ್ಲಿಯೂ ತಮಿಳುನಾಡಿನ ಕೃಷ್ಣಗಿರಿಯಲ್ಲಿಯೂ. ನಮ್ಮಲ್ಲಿ ಇರುವುವು ಬೆಳೆಯ ಪ್ರಮಾಣಕ್ಕೆ ಸಾಲವು. ಮರ ನಮ್ಮಲ್ಲಿದ್ದು ಯಂತ್ರ ಗಡಿಯಾಚೆಗಿದ್ದರೆ ಬೆಲೆಯನ್ನು ಗೊತ್ತುಮಾಡುವವನು ಯಂತ್ರದ ಯಜಮಾನನೇ ಆಗುತ್ತಾನೆ. ಹಣ್ಣಾದ ಮಾವು ಹೆಚ್ಚು ದಿನ ಕಾಯುವುದಿಲ್ಲವೆಂಬುದು ಅವನಿಗೂ ಗೊತ್ತು.

ಹಣ್ಣಿನ ರಸವನ್ನು ಕೆಡದಂತೆ ಇರಿಸುವ ವಿದ್ಯೆಯು ಮೊದಲಿನಿಂದಲೂ ಬೆಂಕಿಯ ವಿದ್ಯೆಯೇ. ಮುಚ್ಚಿದ ಸೀಸೆಯನ್ನು ಕುದಿನೀರಿನಲ್ಲಿಟ್ಟು ಆಹಾರವನ್ನು ಕಾಪಾಡುವ ಕ್ರಮವನ್ನು ಫ್ರಾನ್ಸಿನ ಆಪೇರ್ ಎಂಬಾತನು 1810ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಅದರ ಕಾರಣವನ್ನು ತಿಳಿಸಿದವನು ಅನಂತರ ಬಂದ ಪಾಶ್ಚರ್. ಅಮೆರಿಕದ ವೆಲ್ಚ್ ಎಂಬ ದಂತವೈದ್ಯನು 1869ರಲ್ಲಿ ಇದೇ ಉಪಾಯದಿಂದ ದ್ರಾಕ್ಷಾರಸವನ್ನು ಹುಳಿಯಿಸದೆ ಸೀಸೆಗೆ ತುಂಬಿದನು. ಚರ್ಚಿನ ಪೂಜೆಗೆ ಮದ್ಯವಲ್ಲದ ರಸ ಬೇಕೆಂಬ ಹಟ ಅವನದು. ಆದರೆ ಬೆಂಕಿಯು ಕ್ರಿಮಿಯನ್ನು ಕೊಲ್ಲುವಾಗ ಪರಿಮಳವನ್ನೂ ಕೊಲ್ಲುತ್ತದೆ. ದೊಡ್ಡ ಡಬ್ಬಿಯ ನಡುವಿನ ತಿರುಳು ಕಾಯುವಷ್ಟರಲ್ಲಿ ಅಂಚಿನದು ಬೆಂದು ಬಣ್ಣಗೆಡುತ್ತದೆ. ಡಬ್ಬಿಯ ಮಾವಿಗೂ ಮರದ ಮಾವಿಗೂ ಇರತಕ್ಕ ಅಂತರವನ್ನು ನಾಲಗೆಯುಳ್ಳವರೆಲ್ಲ ಬಲ್ಲರು.

ಹೊಸ ಕ್ರಮಗಳೆಲ್ಲವೂ ಈ ಒಂದು ದೋಷವನ್ನು ನಿವಾರಿಸಲು ಹೊರಟವು. ಮೊದಲನೆಯದರಲ್ಲಿ ತಿರುಳನ್ನು ತೆಳುವಾದ ಪ್ರವಾಹವಾಗಿ ಹರಿಸಿ, ಕೆಲವೇ ಕ್ಷಣಗಳಲ್ಲಿ ಕಾಯಿಸಿ ಒಡನೆಯೇ ತಣಿಸಿ, ಬೇರೆಯಾಗಿ ಶುದ್ಧಿಪಡಿಸಿದ ಚೀಲಕ್ಕೆ ಗಾಳಿಯ ಸೋಂಕಿಲ್ಲದಂತೆ ತುಂಬುತ್ತಾರೆ. ಸ್ವೀಡನ್ನಿನ ಟೆಟ್ರಾ ಪ್ಯಾಕ್ ಸಂಸ್ಥೆಯವರು 1961ರಲ್ಲಿ ಹಾಲಿಗಾಗಿ ಇಂತಹ ಕಾಗದದ ಪೊಟ್ಟಣವನ್ನು ತೋರಿಸಿದರು. 1985ರಲ್ಲಿ ಫ್ರೂಟಿ ಎಂಬ ಮಾವಿನ ಪಾನೀಯವು ಆ ಪೊಟ್ಟಣದಲ್ಲಿಯೇ ನಮ್ಮ ರೈಲುನಿಲ್ದಾಣಗಳಿಗೂ ಕಿರಾಣಿ ಅಂಗಡಿಗಳಿಗೂ ಬಂದಿತು. ರಸವನ್ನು ಗಟ್ಟಿಮಾಡುವುದಕ್ಕೂ ಈಗ ಕುದಿಸಲೇಬೇಕೆಂದಿಲ್ಲ. ಅತಿ ಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ಒತ್ತಡದಿಂದ ನೀರನ್ನಷ್ಟೇ ಹೊರಗೆಡಹಬಹುದು. ಸೆಂಟಿಮೀಟರಿಗೆ ಹತ್ತಾರು ಸಾವಿರ ವೋಲ್ಟಿನ ವಿದ್ಯುತ್ತನ್ನು ಕಣ್ಣುರೆಪ್ಪೆಯ ಬಡಿತಕ್ಕಿಂತಲೂ ಬಹಳ ಕಿರಿದಾದ ಮಿಡಿತಗಳಲ್ಲಿ ಹಾಯಿಸಿ ಕ್ರಿಮಿಗಳ ಪೊರೆಯನ್ನು ತೂತುಮಾಡುವ ಕ್ರಮವೂ ಉಂಟು.

ಇವೆಲ್ಲಕ್ಕಿಂತ ಕುತೂಹಲಕರವಾದುದು ಒತ್ತಡದ ಕ್ರಮ. ಮುಚ್ಚಿದ ಪ್ಲಾಸ್ಟಿಕ್ ಸೀಸೆಗಳನ್ನೇ ಉಕ್ಕಿನ ಕೋಶದಲ್ಲಿ ನೀರಿನೊಳಗೆ ಇಳಿಸಿ, ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 6000 ಪಟ್ಟಿನವರೆಗೆ ಒತ್ತುತ್ತಾರೆ. ಸಾಗರದ ಅತ್ಯಂತ ಆಳದಲ್ಲಿರುವ ಒತ್ತಡವೂ ಇದರ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಒತ್ತಡವು ಎಲ್ಲ ಕಡೆಗಳಿಂದಲೂ ಸಮನಾಗಿ ಬೀಳುವುದರಿಂದ ಸೀಸೆ ಒಡೆಯುವುದಿಲ್ಲ. ಒಳಗಿನ ಕ್ರಿಮಿ ಮಾತ್ರ ಉಳಿಯುವುದಿಲ್ಲ. ಶಾಖವಿಲ್ಲದ ಕಾರಣ ಬಣ್ಣವೂ ಕಂಪೂ ಬಹುಮಟ್ಟಿಗೆ ಹಾಗೆಯೇ ನಿಲ್ಲುತ್ತವೆ. ಅಮೆರಿಕದ ಪಶ್ಚಿಮ ವರ್ಜೀನಿಯದಲ್ಲಿ ಹೈಟ್ ಎಂಬ ವಿಜ್ಞಾನಿಯು 1899ರಲ್ಲಿ ಹಾಲಿನ ಮೇಲೆಯೂ 1914ರಲ್ಲಿ ಹಣ್ಣುಗಳ ಮೇಲೆಯೂ ಇದರ ಪರೀಕ್ಷೆಗಳನ್ನು ಪ್ರಕಟಿಸಿದ್ದನು. ಆದರೆ ಅದು ಅಂಗಡಿಗೆ ಬಂದುದು 1990ರಲ್ಲಿ, ಜಪಾನಿನಲ್ಲಿ. ಇದಕ್ಕೆ ಎರಡು ಮಿತಿಗಳಿವೆ. ಕ್ರಿಮಿಬೀಜಗಳು ಈ ಒತ್ತಡಕ್ಕೂ ಜಗ್ಗುವುದಿಲ್ಲವಾದುದರಿಂದ ರಸದ ಹುಳಿಯೇ ಅವು ಮೊಳೆಯದಂತೆ ತಡೆಯಬೇಕು. ಸೀಸೆಯನ್ನೂ ಕೊನೆಯವರೆಗೆ ತಣ್ಣಗಿಡಬೇಕು. ಯಂತ್ರದ ಬೆಲೆಯಂತೂ ಕೋಟಿಗಳಲ್ಲಿದೆ. ಒಬ್ಬ ರೈತನಿಗೆ ಇದು ಎಟುಕುವ ಮಾತಲ್ಲ. ಒಂದು ತಾಲ್ಲೂಕಿನ ಸಹಕಾರ ಸಂಘಕ್ಕೂ, ಸರಕಾರದ ಕೈಯಾಸರೆಯಿಲ್ಲದೆ, ಕಷ್ಟವೇ.

ವಿದ್ಯೆಗೆ ನಮ್ಮಲ್ಲಿ ಬರವೆಂದು ಯಾರೂ ಹೇಳುವಂತಿಲ್ಲ. 1950ರಿಂದ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಕೆಲಸ ಮಾಡುತ್ತಿದೆ. ಅದೇ ಊರಿನಲ್ಲಿರುವ ರಕ್ಷಣಾ ಇಲಾಖೆಯ ಆಹಾರ ಪ್ರಯೋಗಾಲಯವು ಎಳನೀರನ್ನು ಕೆಡದಂತೆ ತುಂಬುವ ಕ್ರಮವನ್ನು ಸಿದ್ಧಪಡಿಸಿತು. 1977ರಲ್ಲಿ ಕೋಕಾ ಕೋಲಾ ಕಂಪೆನಿಯು ಭಾರತವನ್ನು ಬಿಟ್ಟು ಹೋದಾಗ, ಸರಕಾರಿ ಸಂಸ್ಥೆಯೊಂದು ಮಾರುಕಟ್ಟೆಗೆ ತಂದ ಡಬಲ್ ಸೆವೆನ್ ಪಾನೀಯದ ಪಾಕವೂ ಮೈಸೂರಿನದೇ. ಅದು ನಿಲ್ಲಲಿಲ್ಲ, 1993ರಲ್ಲಿ ಹೋದವರೇ ಮರಳಿ ಬಂದರು. ಪಾಕ ಕೆಟ್ಟದ್ದಾಗಿತ್ತೆಂದಲ್ಲ. ಮಾರುವ ಚಾತುರ್ಯವು ಸರಕಾರಿ ಕಚೇರಿಗಳಲ್ಲಿ ಹುಟ್ಟತಕ್ಕದ್ದಲ್ಲ. ಅಲ್ಲದೆ, ಮಾವು ಮುರುಗಲುಗಳ ನಾಡು ಪರದೇಶದ ಕಪ್ಪು ನೀರನ್ನು ಅನುಕರಿಸಲು ಹೊರಟುದೇ ನಮಗೆ ವಿಚಿತ್ರವಾಗಿ ತೋರುತ್ತದೆ.

ಮುರುಗಲಿನ ಮಾತು ಬಂದಿತಾದುದರಿಂದ ಇದನ್ನೂ ಹೇಳಬೇಕು. ಉತ್ತರ ಕನ್ನಡದ ಮುರುಗಲನ್ನು, ಮಂಗಳೂರು ಸೀಮೆಯವರ ಪುನರ್ಪುಳಿಯನ್ನು, ಅಲ್ಲಿನ ಗೃಹಿಣಿಯರು ಕುದಿಸುವುದಿಲ್ಲ. ಸಿಪ್ಪೆಯನ್ನೂ ಸಕ್ಕರೆಯನ್ನೂ ಒಂದರ ಮೇಲೊಂದು ಪದರವಾಗಿ ಭರಣಿಯಲ್ಲಿ ತುಂಬಿ ಕೆಲವು ದಿನ ಬಿಸಿಲಿಗಿಡುತ್ತಾರೆ. ಸಕ್ಕರೆಯೇ ರಸವನ್ನು ಸೆಳೆದುಕೊಂಡು ತಾನೂ ಕರಗಿ ಕಡುಗೆಂಪಾದ ಪಾಕವಾಗುತ್ತದೆ. ಬೆಂಕಿಯಿಲ್ಲದೆ ರಸವನ್ನು ಕಾಪಾಡುವ ವಿದ್ಯೆ ಅಜ್ಜಿಯರಿಗೆ ತಿಳಿದಿತ್ತೆಂದು ಹೆಮ್ಮೆಪಡಬಹುದು, ಆದರೆ ಹೆಮ್ಮೆಯಿಂದ ಹೊಟ್ಟೆ ತುಂಬದು. ಅದೇ ಕರಾವಳಿಯಲ್ಲಿ ಗೇರುಬೀಜವನ್ನು ಆರಿಸಿಕೊಂಡು, ಅದಕ್ಕಿಂತ ಹಲವು ಪಟ್ಟು ತೂಗುವ, ಕಿತ್ತಳೆಗಿಂತಲೂ ಹೆಚ್ಚು ಸಿ ಜೀವಸತ್ವವುಳ್ಳ ಹಣ್ಣನ್ನು ಮರದಡಿಯಲ್ಲಿ ಕೊಳೆಯಬಿಡುತ್ತೇವೆ. ಅದರ ಒಗರನ್ನು ಕಳೆಯುವ ಉಪಾಯಗಳು ಗೊತ್ತಿವೆ. ಪುತ್ತೂರಿನಲ್ಲಿ ಗೇರು ಸಂಶೋಧನೆಗೆಂದೇ ಒಂದು ಕೇಂದ್ರವಿದೆ. ಕೊರತೆಯಿರುವುದು ಹಣ್ಣು ಬಿದ್ದ ದಿನವೇ ಅದನ್ನು ಹಿಂಡತಕ್ಕ ಸಣ್ಣ ಗಿರಣಿಯದು.

ಇನ್ನು ಕುಡಿಯುವವನ ಮಾತು. 2011ರ ಆಹಾರ ನಿಯಮಗಳಂತೆ, ಹಣ್ಣಿನ ಪಾನೀಯವೆಂದು ಮಾರತಕ್ಕ ವಸ್ತುವಿನಲ್ಲಿ ಹಣ್ಣಿನ ಅಂಶ ನೂರಕ್ಕೆ ಹತ್ತು ಇದ್ದರೆ ಸಾಕು. ನಿಂಬೆಯದಾದರೆ ಐದೇ ಸಾಕು. ಇನ್ನೂರು ಮಿಲಿಲೀಟರಿನ ಮಾವಿನ ಸೀಸೆಯಲ್ಲಿ ಮಾವು ಇಪ್ಪತ್ತು ಮಿಲಿಲೀಟರ್, ಎಂದರೆ ನಾಲ್ಕು ಟೀ ಚಮಚ, ಇದ್ದರೂ ಕಾನೂನು ತೃಪ್ತಿಗೊಳ್ಳುತ್ತದೆ. ಮಿಕ್ಕುದು ನೀರು, ಸಕ್ಕರೆ, ಹುಳಿ, ಬಣ್ಣ, ಪರಿಮಳ. ಹೊದಿಕೆಯ ಮೇಲೆ ಮಾತ್ರ ಇಡೀ ಹಣ್ಣು ರಸ ಸುರಿಸುತ್ತಿರುತ್ತದೆ! ಗಟ್ಟಿರಸಕ್ಕೆ ನೀರು ಬೆರೆಸಿದುದನ್ನು ನೂರಕ್ಕೆ ನೂರು ಹಣ್ಣಿನ ರಸವೆಂದು ಸಾರುವುದನ್ನು ನಿಲ್ಲಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಜೂನ್ ತಿಂಗಳಲ್ಲಿ ಆಜ್ಞಾಪಿಸಿದುದು ಸ್ತುತ್ಯವಾದ ಕೆಲಸ. ಆದರೆ 2025ರ ಸೆಪ್ಟೆಂಬರ್ 22ರಿಂದ ಹಣ್ಣಿನ ಪಾನೀಯಗಳ ತೆರಿಗೆಯನ್ನು ನೂರಕ್ಕೆ ಹನ್ನೆರಡರಿಂದ ಐದಕ್ಕೆ ಇಳಿಸಿದಾಗ, ಅಪ್ಪಟ ರಸಕ್ಕೂ ಹತ್ತರ ಪಾನೀಯಕ್ಕೂ ಒಂದೇ ದರವಾಯಿತು. ಹೆಚ್ಚು ಹಣ್ಣನ್ನು ಕೊಳ್ಳುವ ಕಾರ್ಖಾನೆಗೆ ಇದರಿಂದ ಯಾವ ಪ್ರೋತ್ಸಾಹ ದೊರೆಯಿತು? ಹತ್ತರ ಬದಲು ಇಪ್ಪತ್ತು ಭಾಗ ಹಣ್ಣಿರಬೇಕೆಂದು ವಿಧಿಸಿದರೆ, ಅಷ್ಟೇ ಸೀಸೆಗಳಿಗೆ ಇಮ್ಮಡಿ ಹಣ್ಣು ಬೇಕಾಗುತ್ತದೆ. ತೋತಾಪುರಿಯ ಬೆಲೆಗೆ ಇದಕ್ಕಿಂತ ದೊಡ್ಡ ಆಸರೆಯನ್ನು ನಾವು ಕಾಣೆವು. ಪಾನೀಯದ ಬೆಲೆ ಏರುತ್ತದೆಂದು ತಯಾರಕರು ಆಕ್ಷೇಪಿಸುವರು. ಸ್ವಲ್ಪ ಏರಲಿ, ಆದರೆ ರೈತನಿಗೆ ಕಿಲೋಗೆ ಸಲ್ಲುವ ಬೆಲೆಯನ್ನು ನೋಡಿದರೆ, ಸೀಸೆಯ ಕ್ರಯದಲ್ಲಿ ಹಣ್ಣಿನ ಪಾಲು ಎಷ್ಟು ಅಲ್ಪವೆಂಬುದು ಯಾರಿಗಾದರೂ ಹೊಳೆಯುತ್ತದೆ.

ಕಿರು ಆಹಾರೋದ್ಯಮಗಳಿಗೆ ಬಂಡವಾಳದ ನೂರಕ್ಕೆ ಮೂವತ್ತೈದರಷ್ಟನ್ನು, ಹತ್ತು ಲಕ್ಷ ರೂಪಾಯಿಗಳ ಮಿತಿಯೊಳಗೆ, ಸಹಾಯವಾಗಿ ಕೊಡುವ ಯೋಜನೆಯನ್ನು ಕೇಂದ್ರ ಸರಕಾರವು 2020ರಲ್ಲಿ ಆರಂಭಿಸಿತು. ಉಪ್ಪಿನಕಾಯಿ ಹಪ್ಪಳಗಳಿಗೆ ಇದು ಒಳ್ಳೆಯದೇ. ತಿರುಳಿನ ಕಾರ್ಖಾನೆಗೆ ಸಾಲದು. ಹಾಲಿನ ವಿಷಯದಲ್ಲಿ ನಾವು ಮಾಡಿದುದೇನು? ಹಳ್ಳಿಹಳ್ಳಿಗೂ ಸಂಘ, ಜಿಲ್ಲೆಗೊಂದು ಒಕ್ಕೂಟ, ಒಕ್ಕೂಟಕ್ಕೆ ಸ್ವಂತ ಯಂತ್ರ. ಮಾವು ವರ್ಷಕ್ಕೆರಡು ತಿಂಗಳ ಬೆಳೆ, ಯಂತ್ರವು ಮಿಕ್ಕ ಹತ್ತು ತಿಂಗಳು ಸುಮ್ಮನಿರಬೇಕೆಂಬ ವಾದವನ್ನು ನಾವು ಬಲ್ಲೆವು. ಕೋಲಾರದಲ್ಲಿ ಟೊಮೇಟೊ ಬೀದಿಗೆ ಸುರಿಯುವ ದಿನಗಳನ್ನು ಕಂಡವರು ಆ ವಾದವನ್ನು ಹೂಡಲಾರರು; ಚೀಲಕ್ಕೆ ತುಂಬುವ ಯಂತ್ರವು, ಅಲ್ಪ ಮಾರ್ಪಾಟಿನೊಡನೆ, ಟೊಮೇಟೊ, ಸೀಬೆ, ಪಪ್ಪಾಯಿಗಳನ್ನೂ ತುಂಬಬಲ್ಲದು. ಶ್ರೀನಿವಾಸಪುರದಲ್ಲಿಯೋ ಚಿಂತಾಮಣಿಯಲ್ಲಿಯೋ ರೈತರ ಒಡೆತನದ ಇಂತಹ ಒಂದು ಕಾರ್ಖಾನೆಗೆ ಸರಕಾರವು ಜಾಗವನ್ನೂ ಆರಂಭದ ಬಂಡವಾಳವನ್ನೂ ಒದಗಿಸಲಿ. ಮೈಸೂರಿನ ಸಂಶೋಧನಾಲಯದಿಂದ ಒಬ್ಬಿಬ್ಬರು ತಜ್ಞರು ಮೂರು ಸುಗ್ಗಿಗಳ ಕಾಲ ಅಲ್ಲಿಯೇ ನೆಲೆಸಿ ನಡೆಸಿಕೊಡಲಿ. ಬಂದ ಲೆಕ್ಕವನ್ನು ಲಾಭವಾಗಲಿ ನಷ್ಟವಾಗಲಿ ವರ್ಷವರ್ಷವೂ ಬಹಿರಂಗವಾಗಿ ಪ್ರಕಟಿಸಲಿ.