ಗೊಂಬೆಗಳಿಗೊಂದು ಕೆತ್ತನೆಯ ಬೀರು

ಹಳೆಯ ಮನೆಗಳ ಮರದ ಬಾಗಿಲಿಗೆ ಒಂದು ಸ್ವಭಾವವುಂಟು. ಮಳೆಗಾಲ ಬಂತೆಂದರೆ ಬಿಗಿದುಕೊಂಡು ಕೂರುತ್ತದೆ. ಭುಜ ಕೊಟ್ಟು ನೂಕಿದರೇ ತೆರೆಯುವುದು. ಶಿವರಾತ್ರಿ ಕಳೆದ ಮೇಲೆ ಅದೇ ಬಾಗಿಲು ಸಲೀಸು, ಸಂದಿಯಲ್ಲಿ ಬೆಳಕೂ ಇಣುಕುತ್ತದೆ. ಅಜ್ಜ ಅಜ್ಜಿಯರಿಗೆಲ್ಲ ಇದು ಗೊತ್ತು. ಮಕ್ಕಳೇ, ನಿಮ್ಮ ಮನೆಯ ಬಾಗಿಲು ಹೀಗೆ ಮಾಡುವುದಿಲ್ಲವೆಂದರೆ ಅದು ಬಹುಶಃ ಪ್ಲೈವುಡ್ಡಿನದು. ಮರವನ್ನು ಕಡಿದು ಎಷ್ಟು ವರ್ಷವಾದರೂ ಅದು ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಹೀರಿದಾಗ ಅಗಲದಲ್ಲಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೆಯೇ ಇರುತ್ತದೆ. ಮನೆಯಲ್ಲಿ ಕೆತ್ತನೆಯ ಬೀರು ಮಾಡಲು ಹೊರಡುವವರು ಮೊದಲು ತಿಳಿಯಬೇಕಾದದ್ದು ಇದನ್ನು. ಹೂಬಳ್ಳಿ ಬಿಡಿಸುವುದೆಲ್ಲ ಆಮೇಲೆ.

ನಮ್ಮ ಮನೆಗೆ ಬೀರು ಬೇಕಾದದ್ದು ದಸರಾ ಗೊಂಬೆಗಳಿಗಾಗಿ. ನನ್ನ ಹೆಂಡತಿ ತವರಿನಿಂದ ತಂದ ಪಟ್ಟದ ಗೊಂಬೆಗಳು, ಅಂದರೆ ರಕ್ತಚಂದನದ ರಾಜ ರಾಣಿ, ಆಮೇಲೆ ವರ್ಷಕ್ಕೊಂದೋ ಎರಡೋ ಕೊಂಡದ್ದು ಸೇರಿ 31 ಆಗಿದ್ದವು. ಮೈಸೂರಿನ ಬಹಳ ಮನೆಗಳಂತೆ ನಮ್ಮಲ್ಲೂ ಅವು ನವರಾತ್ರಿಯಲ್ಲಿ ಮೆಟ್ಟಿಲ ಮೇಲೆ, ಉಳಿದ ವರ್ಷವೆಲ್ಲ ಅಟ್ಟದ ಟ್ರಂಕಿನಲ್ಲಿ. ಅವಳು ತೀರಿಕೊಂಡ ಮೇಲೆ ಟ್ರಂಕು ಇಳಿಸುವ ಉತ್ಸಾಹ ಯಾರಿಗೂ ಬರಲಿಲ್ಲ. ಎರಡು ವರ್ಷ ಕಳೆದು, ಏಳನೇ ತರಗತಿಯ ಮೊಮ್ಮಗಳು ಹಟ ಹಿಡಿದು ಇಳಿಸಿದಳು. ಅಂಗಡಿ ಶೆಟ್ಟಿಯ ಮೂಗು ಹೋಗಿತ್ತು, ರಾಣಿಯ ಸೀರೆಗೆ ಬೂಸ್ಟು ಹಿಡಿದಿತ್ತು.

“ತಾತ, ಇವು ಕಣ್ಣ ಮುಂದೆ ಇರಬೇಕು. ಅಜ್ಜಿ ಇದ್ದಿದ್ದರೆ ಹೀಗಾಗೋಕೆ ಬಿಡ್ತಿದ್ದರಾ?” ಎಂದಳು. ಆ ಪ್ರಶ್ನೆಗೆ ಉತ್ತರವಾಗಿ ಬೀರು ಬಂತು.

ಸಕಲೇಶಪುರದ ಕಡೆಯ ನಮ್ಮ ಹಿರಿಯರ ಮನೆ ಕೆಡವಿದಾಗ ಕಂಬ, ತೊಲೆಗಳೆಲ್ಲ ಮಾರಾಟವಾದವು. ನಾನು ಕೇಳಿ ತಂದದ್ದು ಕಣಜದ ಕೋಣೆಯ ಬಾಗಿಲಿನ ಒಂದೇ ಒಂದು ಹಲಸಿನ ಹಲಗೆ. ಹಲಸಿನ ಮರ ಹೊಸದಿದ್ದಾಗ ಅರಿಸಿನದ ಬಣ್ಣ, ಬೆಳಕು ತಾಗಿ ತಾಗಿ ಕಂದಾಗುತ್ತದೆ. ಮೃದಂಗದ ಕಳಸಿಗೆ, ವೀಣೆಯ ಕೊಡಕ್ಕೆ ಬಳಸುವುದೂ ಇದನ್ನೇ. ನಾಲ್ಕು ಅಡಿ ಉದ್ದದ ಆ ಹಲಗೆಯಿಂದ ಬೀರಿನ ಎರಡು ಕದಗಳಿಗೆ ಒಂದೊಂದು ತುಂಡು ಸಿಗುತ್ತಿತ್ತು, ಅಷ್ಟೇ. ಸೀಳಿದರೆ ಇನ್ನೊಂದಿಲ್ಲ. ಆ ಮನೆಯೇ ಇಲ್ಲ.

ಇಲ್ಲಿ ಮನೆಯಲ್ಲಿ ಚರ್ಚೆ ಎದ್ದಿತು. “ಅಪ್ಪ, ನಿಮ್ಮ ತಾತನ ಕಾಲದ ಮರ. ಒಣಗಬೇಕಾದಷ್ಟು ಒಣಗಿದೆ, ಇನ್ನೆಲ್ಲಿ ಹಿಗ್ಗುತ್ತೆ? ಫೆವಿಕಾಲ್ ಹಾಕಿ ಭದ್ರವಾಗಿ ಕೂರಿಸಿ” ಎಂದ ಮಗ. ಚೌಕಟ್ಟು ಕೂಡಿಸಲು ಬರುತ್ತಿದ್ದ ಆಚಾರ್ರು ತಲೆಯಾಡಿಸಿದರು. “ಅದನ್ನ ಕಟ್ಟಿಹಾಕಬಾರದು ಸ್ವಾಮಿ. ಕಟ್ಟಿದರೆ ಸೀಳತ್ತೆ.” ಒಬ್ಬ ಎಂಜಿನಿಯರು, ಇನ್ನೊಬ್ಬರು ಐವತ್ತು ವರ್ಷ ಉಳಿ ಹಿಡಿದವರು. ನಾನು ಬ್ಯಾಂಕಿನ ಗುಮಾಸ್ತ. ಲೆಕ್ಕ ನೋಡದೆ ಯಾರ ಮಾತಿಗೂ ಸಹಿ ಹಾಕಿದವನಲ್ಲ. ಹಲಗೆಯನ್ನು ಗೋಡೆಗೆ ಒರಗಿಸಿ, ಏಪ್ರಿಲ್ ಮೊದಲ ಭಾನುವಾರದಿಂದ ಅಳೆಯಲು ಮೊಮ್ಮಗಳಿಗೆ ಹೇಳಿದೆ. ಅಳೆಯುವ ಜಾಗಕ್ಕೆ ಪೆನ್ಸಿಲ್ ಗೆರೆ, ಸ್ಟೀಲ್ ಸ್ಕೇಲು, ಒಂದು ನೋಟ್‌ಬುಕ್ಕು. ಏಪ್ರಿಲಿನಲ್ಲಿ ಅಗಲ 290 ಮಿಲಿಮೀಟರ್. ಜೂನ್ ಮುಗಿಯುವವರೆಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ಮಗ ನಗುತ್ತಿದ್ದ. ಜುಲೈ ಕೊನೆಯ ಭಾನುವಾರ 292. ಉದ್ದ ಮಾತ್ರ ಮೊದಲ ದಿನ ಬರೆದದ್ದೇ ಉಳಿಯಿತು. ನೋಟ್‌ಬುಕ್ಕನ್ನು ಅವಳು ಅಪ್ಪನ ಕಾಫಿ ಲೋಟದ ಪಕ್ಕ ತೆರೆದಿಟ್ಟು ಹೋದಳು.

ಎರಡು ಮಿಲಿಮೀಟರ್ ಏನು ಮಹಾ ಎನ್ನಬಹುದು. ಎರಡೂ ಅಂಚನ್ನು ಅಂಟಿನಿಂದ ಕಟ್ಟಿದ ಹಲಗೆಗೆ ಹಿಗ್ಗಲು ಜಾಗವಿಲ್ಲದಿದ್ದರೆ ಅದು ಮಳೆಗಾಲದಲ್ಲಿ ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಲು ಬಿಡದಿದ್ದರೆ ನಡುವೆ ಬಿರುಕು ಬಿಡುತ್ತದೆ. ಅದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಚೌಕಟ್ಟು. ನಾಲ್ಕು ಪಟ್ಟಿಗಳನ್ನು ಸೇರಿಸಿ ಚೌಕಟ್ಟು ಮಾಡುವುದು. ಅಡ್ಡಪಟ್ಟಿಯ ತುದಿಯಲ್ಲಿ ನಾಲಿಗೆಯಂಥ ಭಾಗ, ನಿಂತ ಪಟ್ಟಿಯಲ್ಲಿ ಅದು ಕೂರುವ ಗೂಡು. ಅಂಟು ಹಾಕುವುದು ಅಲ್ಲಿಗೆ ಮಾತ್ರ. ಚೌಕಟ್ಟಿನ ಒಳ ಅಂಚಿನಲ್ಲಿ ಸುತ್ತಲೂ ಸಣ್ಣ ಕಾಲುವೆ ತೋಡಿ, ಹಲಗೆಯ ಅಂಚನ್ನು ತೆಳ್ಳಗೆ ಮಾಡಿ ಅದರೊಳಗೆ ಸುಮ್ಮನೆ ಕೂರಿಸುವುದು. ಅಂಟಿಲ್ಲ, ಮೊಳೆಯಿಲ್ಲ. ಎರಡು ಬದಿಗೂ ಕಾಲುವೆಯೊಳಗೆ ಎರಡೆರಡು ಮಿಲಿಮೀಟರ್ ಖಾಲಿ ಬಿಟ್ಟೆವು. ಹಲಗೆ ಒಳಗೊಳಗೇ ಹಿಗ್ಗಿ ಕುಗ್ಗುತ್ತದೆ, ಹೊರಗಿನವರಿಗೆ ಕಾಣದು. ನಿಮ್ಮೂರಿನ ಹಳೆಯ ಬಾಗಿಲುಗಳನ್ನು ನೋಡಿ, ಚೌಕ ಚೌಕವಾಗಿರುವುದು ಬರೀ ಅಂದಕ್ಕಲ್ಲ.

ಚೌಕಟ್ಟಿಗೆ ತೇಗ ಕೊಂಡೆವು. ಪಕ್ಕಗಳಿಗೂ ಹಿಂಬದಿಗೂ ಪ್ಲೈವುಡ್. ಈ ವಿಷಯದಲ್ಲಿ ನನಗೆ ಮಡಿ ಇಲ್ಲ. ತೆಳು ಹಾಳೆಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಅಂಟಿಸಿದ್ದರಿಂದ ಅದರಲ್ಲಿ ಒಂದು ಹಾಳೆ ಹಿಗ್ಗಲು ಹೊರಟರೆ ಪಕ್ಕದ್ದು ಹಿಡಿದು ನಿಲ್ಲಿಸುತ್ತದೆ. ಒಳ್ಳೆಯ ಯೋಚನೆ, ಆದರೆ ಅದರ ಮೇಲೆ ಕೆತ್ತಲಾಗದು.

ನಕ್ಷೆಗೆ ಹಳೆಯ ಪೇಪರುಗಳನ್ನು ಅಂಟಿಸಿ ನೆಲದ ಮೇಲೆ ನಿಜವಾದ ಅಳತೆಯಲ್ಲೇ ಬರೆದೆವು: ಎತ್ತರ ಮೂರು ಅಡಿ, ಅಗಲ ಎರಡು. ಗೊಂಬೆಗಳನ್ನು ಕಾಗದದ ಮೇಲೆ ಮಲಗಿಸಿ ತಟ್ಟುಗಳ ಜಾಗ ಗುರುತಿಸಿದ್ದು ಮೊಮ್ಮಗಳು. ರಾಜ ರಾಣಿಗೆ 14 ಇಂಚು, ಉಳಿದ ಪರಿವಾರಕ್ಕೆ 11. ಕೆಳಗೆ ಗೊಂಬೆಯ ಬಟ್ಟೆಗಳಿಗೆ ಒಂದು ಡ್ರಾಯರು.

ಕೆತ್ತನೆಗೆ ಬಳ್ಳಿ ಇರಲಿ ಎಂದು ಹಳೇಬೀಡಿಗೆ ಹೋಗಿ ಬಂದೆವು. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ತಳಕ್ಕೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಅದರ ಮೇಲೆ ಸುರುಳಿ ಸುರುಳಿಯಾದ ಬಳ್ಳಿ. ಮೊಮ್ಮಗಳು ಕೂತು ಬರೆದುಕೊಂಡಳು. ಆಚಾರ್ರು ಆ ಚಿತ್ರ ನೋಡಿ ಮೆಚ್ಚಿದರು, ಆದರೆ ನಾಲ್ಕು ಕಡೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದರು. ಬಳಪದ ಕಲ್ಲಿಗೆ ನಾರಿಲ್ಲ, ಮರಕ್ಕೆ ನಾರುಂಟು. ಬಳ್ಳಿಯ ಸಣ್ಣ ದಂಟು ನಾರಿನ ಉದ್ದಕ್ಕೆ ಹರಿದರೆ ಗಟ್ಟಿ. ನಾರಿಗೆ ಅಡ್ಡವಾಗಿ ಬಂದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಅಡ್ಡ ಬರುವಲ್ಲೆಲ್ಲ ದಂಟನ್ನು ದಪ್ಪ ಮಾಡಿ, ಒಂದು ಎಲೆಯನ್ನು ಅದಕ್ಕೆ ಒರಗಿಸಿದೆವು. ಹಳೇಬೀಡಿನ ಬಳ್ಳಿ ಹೋಗಿ ಹಲಸಿನ ಬಳ್ಳಿಯಾಯಿತು. ನನ್ನ ಕಣ್ಣಿಗೆ ಅದು ಇನ್ನೂ ಚೆನ್ನ.

ಕೆತ್ತುವ ಕ್ರಮ ಹೇಳುವೆ. ಕಾರ್ಬನ್ ಕಾಗದದಿಂದ ಚಿತ್ರ ಇಳಿಸಿ, ಮೊದಲು ಬಳ್ಳಿಯ ಅಂಚಿಗೆ ಉಳಿ ಇಟ್ಟು ಕೊಡತಿಯಿಂದ ಮೆಲ್ಲಗೆ ಬಡಿದು ಗೆರೆ ಹಿಡಿಯಬೇಕು. ಆಮೇಲೆ ಸುತ್ತಲಿನ ನೆಲವನ್ನು ತೆಗೆಯಬೇಕು. ನಾವು ಆರು ಮಿಲಿಮೀಟರ್ ಆಳಕ್ಕೆ ನಿಲ್ಲಿಸಿದೆವು. ಕೊನೆಗೆ ಎಲೆಗೆ ಉಬ್ಬು ತಗ್ಗು. ಬೆಕ್ಕಿನ ಬೆನ್ನು ಸವರಿದ್ದೀರಲ್ಲ? ತಲೆಯಿಂದ ಬಾಲದ ಕಡೆಗೆ ಕೈ ಹೋದರೆ ಸರಿ, ತಿರುಗಾಮುರುಗಾ ಹೋದರೆ ಕೂದಲು ಏಳುತ್ತದೆ. ಮರದ ನಾರೂ ಹಾಗೆಯೇ. ಉಳಿ ಎದುರು ಹೋದರೆ ಸಿಬಿರು ಎದ್ದು ಬರುತ್ತದೆ, ಆಗ ದಿಕ್ಕು ಬದಲಿಸಬೇಕು. ಸಾಣೆ ಕಳೆದುಕೊಂಡ ಉಳಿ ಹರಿತವಾದ ಉಳಿಗಿಂತ ಅಪಾಯ, ಏಕೆಂದರೆ ಬಲ ಹಾಕಬೇಕಾಗುತ್ತದೆ, ಜಾರುತ್ತದೆ. ಹಲಗೆಯನ್ನು ಮೇಜಿಗೆ ಬಿಗಿದು, ಎರಡು ಕೈಯೂ ಉಳಿಯ ಅಲಗಿನ ಹಿಂದೆಯೇ ಇರಲಿ. ಮಕ್ಕಳೇ, ನೀವು ಮೊದಲು ಬಟ್ಟೆ ಸಾಬೂನಿನ ಬಿಲ್ಲೆಯ ಮೇಲೆ ಹಳೆಯ ಚಮಚದ ಹಿಡಿಯಿಂದ ಕಲಿಯಿರಿ. ಮೊಮ್ಮಗಳು ಐದು ಬಿಲ್ಲೆ ಮುಗಿಸಿದ ಮೇಲೆಯೇ ಆಚಾರ್ರು ಅವಳ ಕೈಗೆ ಉಳಿ ಕೊಟ್ಟದ್ದು. ಎಡಗಡೆಯ ಕದದ ಮೂರು ಎಲೆ ಅವಳದ್ದು. ಚೂರುಗಳೆಲ್ಲ ಬಟ್ಟೆ ಒಗೆಯಲು ಆದವು.

ಹಲಗೆಯ ಅಂಚಿನ ಬಿಳಿ ಭಾಗವನ್ನು ಕತ್ತರಿಸಿ ತೆಗೆದೆವು. ಚೇಗಿಗಿಂತ ಅದು ಹುಳಕ್ಕೆ ಬೇಗ ತುತ್ತಾಗುತ್ತದೆ. ಉಪ್ಪುಕಾಗದ ಹಾಕಿದ್ದು ಕಡಿಮೆ, ಹೆಚ್ಚು ಉಜ್ಜಿದರೆ ಕೆತ್ತನೆಯ ಚೂಪು ಹೋಗುತ್ತದೆ. ಪಾಲಿಶಿಗೆ ಅರಗು. ಅರಗು ಎಂದರೆ ಒಂದು ಪುಟಾಣಿ ಕೀಟ ಮರದ ಕೊಂಬೆಯ ಮೇಲೆ ಸುರಿಸುವ ರಾಳದಂಥ ವಸ್ತು; ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅದರದ್ದೇ. ಚೂರುಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹತ್ತಿ ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಸವರಬೇಕು, ದೀಪ ಬೆಂಕಿ ಹತ್ತಿರ ಇರಕೂಡದು. ಹಲಗೆಯನ್ನು ಚೌಕಟ್ಟಿಗೆ ಕೂರಿಸುವ ಮೊದಲೇ ಅಂಚಿನವರೆಗೂ ಪಾಲಿಶ್ ಮಾಡಿಸಿದರು ಆಚಾರ್ರು. ಯಾಕೆಂದು ಆಗ ಹೇಳಲಿಲ್ಲ.

ನವರಾತ್ರಿಗೆ ಮೂರು ದಿನ ಮುಂಚೆ ಬೀರು ನಡುಮನೆಗೆ ಬಂತು. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಮೊಮ್ಮಗಳು ಕರೆದು ತೋರಿಸಿದಳು: ಹಲಗೆ ಕುಗ್ಗಿ, ಕಾಲುವೆಯೊಳಗೆ ಅಡಗಿದ್ದ ಅಂಚು ಕೂದಲೆಳೆಯಷ್ಟು ಹೊರಗೆ ಇಣುಕಿತ್ತು. ಅಲ್ಲಿಯೂ ಪಾಲಿಶ್ ಇದ್ದದ್ದರಿಂದ ಬಿಳಿಗೆರೆ ಕಾಣಲಿಲ್ಲ. ಬಿರುಕು ಎಲ್ಲಿಯೂ ಇಲ್ಲ. ಮಗ ಬಗ್ಗಿ ನೋಡಿ, ನೋಟ್‌ಬುಕ್ಕು ಎಲ್ಲಿ ಎಂದು ಕೇಳಿದ. ಈಗ ಭಾನುವಾರದ ಅಳತೆ ಬರೆಯುವವನು ಅವನೇ. ಹಲಗೆಯಲ್ಲಿ ಉಳಿದ ಎರಡು ಬೆರಳಗಲದ ಪಟ್ಟಿಯಿಂದ ಮೊಮ್ಮಗಳು ಶೆಟ್ಟಿಯ ಅಂಗಡಿಗೆ ತಕ್ಕಡಿ ಮಾಡುತ್ತಿದ್ದಾಳೆ. ಮೂಗಿಗೆ ಜೇಡಿಮಣ್ಣು ನೆನೆಹಾಕಿದೆ.